ಪಾಂಡವಪುರದಲ್ಲಿ ನಿದ್ದೆ, ಶ್ರೀರಂಗಪಟ್ಟಣದಲ್ಲಿ ಎರರ್: ಕಂಪೈಲರ್ ಹೇಳುವುದನ್ನು ಕೇಳಿಸಿಕೊಳ್ಳುವುದು ಹೇಗೆ?

ನಮ್ಮ ಅಕ್ಕನ ಮಗಳು ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಸಿ ಭಾಷೆ ಶುರುವಾಗಿ ಇನ್ನೂ ಎರಡು ವಾರ. ಬರೆದಿದ್ದು ಕಬ್ಬಿನ ಲೆಕ್ಕದ ಪುಟ್ಟ ಪ್ರೋಗ್ರಾಂ. ಎಷ್ಟು ಟನ್ನು, ಟನ್ನಿಗೆ ಎಷ್ಟು ಬೆಲೆ, ಒಟ್ಟು ಎಷ್ಟು. ಅಷ್ಟೇ. ಎಲ್ಲ ಸೇರಿ 12 ಸಾಲು.

"ಮಾವ, 12 ಸಾಲಿಗೆ 17 ಎರರ್ ಬಂದದೆ. ಸಾಲಿಗಿಂತ ಎರರ್ರೇ ಜಾಸ್ತಿ. ನನ್ ಕೈಲಿ ಆಗಲ್ಲ ಬಿಡಿ."

ಅವಳು ನೋಡುತ್ತಿದ್ದದ್ದು ಹದಿನೇಳನೆಯ ಎರರ್. ಅವಳ ತಪ್ಪಲ್ಲ ಅದು. ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶವೇ ಕಂಪೈಲರ್. ಅದರ ಕೈಗೆ ಕೊಟ್ಟಾಗ, ಅಂದರೆ ಕಂಪೈಲ್ ಮಾಡಿದಾಗ, ಪರದೆ ಸರಸರನೆ ಮೇಲಕ್ಕೆ ಓಡಿ ಕೊನೆಯಲ್ಲಿ ನಿಲ್ಲುತ್ತದೆ. ಕಣ್ಣಿಗೆ ಬೀಳುವುದು ಕೊನೆಯದೇ. ಎಲ್ಲರೂ ಅಲ್ಲಿಂದಲೇ ಹಿಂದಕ್ಕೆ ಓದುತ್ತಾ ಬರುತ್ತಾರೆ. ಎಷ್ಟೋ ಜನರ ಮೊದಲ ತಿಂಗಳು ಹಾಳಾಗುವುದೇ ಇಲ್ಲಿ. ನಾನು ಪರದೆಯನ್ನು ಮೇಲಕ್ಕೆ ಎಳೆದು ಮೊದಲನೆಯ ಎರರ್ ತೋರಿಸಿದೆ. ಸ್ಟ್ರೇ 342 ಇನ್ ಪ್ರೋಗ್ರಾಂ ಅಂತಿತ್ತು, ಅಂದರೆ ಪ್ರೋಗ್ರಾಂನಲ್ಲಿ ಎಲ್ಲಿಂದಲೋ ನುಗ್ಗಿದ 342. ಅದರ ಕೆಳಗೆ ಸ್ಟ್ರೇ 200, ಅದರ ಕೆಳಗೆ ಸ್ಟ್ರೇ 234.

"ಈ ಪ್ರಿಂಟ್‌ಎಫ್ ಸಾಲನ್ನ ಎಲ್ಲಿಂದ ಕಾಪಿ ಮಾಡ್ದೆ?"

"ನೋಟ್ಸ್ ಪಿಡಿಎಫ್‌ನಿಂದ."

ಅದೇ ಆಗಿತ್ತು. ಪ್ರಿಂಟ್‌ಎಫ್ ಅಂದರೆ ಪರದೆಯ ಮೇಲೆ ಬರೆ ಎಂಬ ಆದೇಶ, ಬರೆಯಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ವರ್ಡ್‌ನಂಥ ತಂತ್ರಾಂಶಗಳು ನಾವು ಟೈಪ್ ಮಾಡಿದ ನೆಟ್ಟನೆಯ ಉದ್ಧರಣ ಚಿಹ್ನೆಯನ್ನು ತಾವೇ ಬಾಗಿಸಿ ಚೆಂದ ಮಾಡುತ್ತವೆ. ಓದುವವರಿಗೆ ಎರಡೂ ಒಂದೇ. ಕಂಪೈಲರ್‌ಗೆ ನೆಟ್ಟನೆಯದು ಮಾತ್ರ ಗೊತ್ತು, ಬಾಗಿದ್ದು ಎಲ್ಲಿಂದಲೋ ಬಂದ ಅಪರಿಚಿತ. ಬಾಗಿದ ಚಿಹ್ನೆ ಫೈಲಿನಲ್ಲಿ ಮೂರು ಬೈಟ್‌ಗಳಾಗಿ ಕೂರುತ್ತದೆ: 342, 200, 234 (ಮುಚ್ಚುವ ಚಿಹ್ನೆಗೆ ಕೊನೆಯದು 235). ಇವು ಹತ್ತರ ಬದಲು ಎಂಟರ ಲೆಕ್ಕದಲ್ಲಿ ಬರೆದ ಅಂಕಿಗಳು. ಅವಳ ಹಳೆಯ ಕಂಪೈಲರ್, ಜಿಸಿಸಿ ಅದರ ಹೆಸರು, ಒಂದೊಂದು ಬೈಟ್‌ಗೂ ಒಂದೊಂದು ದೂರು ಬರೆದಿತ್ತು. ಎರಡು ಪ್ರಿಂಟ್‌ಎಫ್, ನಾಲ್ಕು ಚಿಹ್ನೆ, ಒಂದಕ್ಕೆ ಮೂರರಂತೆ 12 ಎರರ್. ಉಳಿದ ಐದು ಅವುಗಳ ಬಾಲ. ಉದ್ಧರಣ ಚಿಹ್ನೆಯೇ ಇಲ್ಲ ಎಂದ ಮೇಲೆ ಒಳಗಿನ ಪದಗಳನ್ನು ಕಂಪೈಲರ್ ವೇರಿಯಬಲ್ ಹೆಸರು ಅಂದುಕೊಂಡು ಹುಡುಕುತ್ತದೆ. ಸಿಗುವುದಿಲ್ಲ. ಆಗ ಮತ್ತೆ ದೂರು.

ನಾಲ್ಕು ಚಿಹ್ನೆ ಅಳಿಸಿ ಕೈಯಿಂದಲೇ ಟೈಪ್ ಮಾಡಿದಳು. 17 ಎರರ್ ಸೊನ್ನೆಗೆ ಇಳಿಯಿತು.

ಕನ್ನಡದಲ್ಲಿ ಟೈಪ್ ಮಾಡುವ ನಮಗೆ ಇದರಲ್ಲೇ ಇನ್ನೊಂದು ಗೋಳಿದೆ. "ರಾಜ್‌ಕುಮಾರ್" ಎಂದು ಬರೆಯುವಾಗ ಜ ಮತ್ತು ಕ ಒತ್ತಕ್ಷರ ಆಗದಂತೆ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದು ಕೂಡ 342 ರಿಂದಲೇ ಶುರುವಾಗುತ್ತದೆ. ಕನ್ನಡ ನೋಟ್ಸ್‌ನಿಂದ ಕೋಡ್ ಎತ್ತಿಕೊಂಡಾಗ ಅದು ಜೊತೆಗೆ ಬಂದುಬಿಟ್ಟರೆ, ಸಾಲು ಎಲ್ಲ ಸರಿಯಾಗೇ ಕಾಣುತ್ತದೆ, ಎರರ್ ಮಾತ್ರ ಹೋಗುವುದಿಲ್ಲ. ಅಂಥ ಸಾಲನ್ನು ಎಷ್ಟು ದಿಟ್ಟಿಸಿದರೂ ಪ್ರಯೋಜನವಿಲ್ಲ. ಪೂರ್ತಿ ಅಳಿಸಿ ಮತ್ತೆ ಟೈಪ್ ಮಾಡಬೇಕು. ಸಂಖ್ಯೆ 340 ರಿಂದ ಶುರುವಾದರೆ ಕನ್ನಡದ ಒಂದು ಅಕ್ಷರವೇ ನುಗ್ಗಿರಬಹುದು, ಏಕೆಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಅಕ್ಷರಗಳೆಲ್ಲ ಆ ಬೈಟ್‌ನಿಂದಲೇ ಶುರು. ಕೀಬೋರ್ಡ್ ಕನ್ನಡದಲ್ಲೇ ಉಳಿದುಬಿಟ್ಟಿದ್ದು ಮರೆತು ಸೊನ್ನೆ ಒತ್ತಿದರೆ ಕನ್ನಡದ ೦ ಬೀಳುತ್ತದೆ. ನಮಗೆ ಅದು ಸೊನ್ನೆ, ಸಿ ಕಂಪೈಲರ್‌ಗೆ ಅಲ್ಲ.

ಈಗ ಪ್ರೋಗ್ರಾಂ ಓಡಿತು. ಅವಳು ಲ್ಯಾಪ್‌ಟಾಪ್ ಮುಚ್ಚಲು ಹೋದಳು. ನಾನು ಬಿಡಲಿಲ್ಲ. "ಈಗ ಇದನ್ನ ನಾವೇ ಕೆಡಿಸೋಣ ಕಣವ್ವ" ಎಂದೆ.

ಸರಿಯಾಗಿ ಓಡುವ ಪ್ರೋಗ್ರಾಂ ಒಂದನ್ನು ಬೇಕೆಂದೇ ಒಂದೊಂದು ಕಡೆ ಕೆಡಿಸಿ, ಕಂಪೈಲರ್ ಏನು ಹೇಳುತ್ತದೆ ನೋಡಿ, ಮತ್ತೆ ಸರಿ ಮಾಡುವುದು. ಹೊಸ ಭಾಷೆ ಕಲಿಯುವಾಗ ನಾನು ಈಗಲೂ ಮೊದಲ ದಿನ ಮಾಡುವುದು ಇದನ್ನೇ. ತಪ್ಪು ಎಲ್ಲಿದೆ ಎಂದು ನಮಗೆ ಗೊತ್ತಿರುತ್ತದೆ. ಅದಕ್ಕೆ ಕಂಪೈಲರ್ ಬಳಸುವ ಮಾತು ಯಾವುದು ಎಂಬುದೊಂದೇ ಕಲಿಯಲು ಬಾಕಿ. ನಾಳೆ ಅದೇ ಮಾತು ಗೊತ್ತಿಲ್ಲದ ತಪ್ಪಿಗೆ ಬಂದಾಗ ಗುರುತು ಸಿಗುತ್ತದೆ.

ಮೊದಲು ಐದನೇ ಸಾಲಿನ ಕೊನೆಯ ಸೆಮಿಕೋಲನ್ ತೆಗೆದೆವು. ಸಿ ಯಲ್ಲಿ ವಾಕ್ಯ ಮುಗಿಯಿತು ಎಂದು ಹೇಳುವ ಚಿಹ್ನೆ ಅದು. ಆ ಭಾಗ ಹೀಗಿತ್ತು. ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಎಲ್ಲ ಇಂಗ್ಲಿಷ್ ಅಕ್ಷರವೇ. ಇಂಟ್ ಎಂದು ಶುರು ಮಾಡಿದರೆ ಮುಂದಿನ ಹೆಸರಿನಲ್ಲಿ ಒಂದು ಸಂಖ್ಯೆ ಇಡುತ್ತೇವೆ ಎಂದರ್ಥ:

5: ಇಂಟ್ ಟನ್ನು = 12
6: ಇಂಟ್ ಬೆಲೆ = 3000;
7: ಇಂಟ್ ಒಟ್ಟು = ಟನ್ನು * ಬೆಲೆ;

ಕಂಪೈಲರ್ ಎರಡು ಎರರ್ ಕೊಟ್ಟಿತು. ಒಂದು ಆರನೇ ಸಾಲಿಗೆ: ಇಂಟ್‌ಗೆ ಮೊದಲು ಕಾಮಾ ಅಥವಾ ಸೆಮಿಕೋಲನ್ ಬರಬೇಕಿತ್ತು. ಇನ್ನೊಂದು ಏಳನೇ ಸಾಲಿಗೆ: ಬೆಲೆ ಅನ್‌ಡಿಕ್ಲೇರ್ಡ್, ಅಂದರೆ ಈ ಹೆಸರನ್ನು ನೀವು ಮೊದಲೇ ತಿಳಿಸಿಲ್ಲ. ನಾವು ಕೆಡಿಸಿದ್ದು ಐದನೇ ಸಾಲು. ಐದರ ಬಗ್ಗೆ ಒಂದು ಮಾತೂ ಇಲ್ಲ.

"ಆರನೇ ಸಾಲು ಸರಿಯಾಗೇ ಅದೆ. ಸುಮ್ನೆ ಯಾಕೆ ಅದನ್ನ ಬಯ್ತದೆ?"

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ಪಾಂಡವಪುರದಲ್ಲಿ ಇಳಿಯಬೇಕಾದವರು ಯಲಿಯೂರು ದಾಟುತ್ತಿದ್ದಂತೆ ತೂಕಡಿಸುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರಿಗೆ ಎಚ್ಚರವಾಗುವುದು ಶ್ರೀರಂಗಪಟ್ಟಣದ ಹಳದಿ ಬೋರ್ಡು ಕಂಡಾಗ. "ಅಯ್ಯೋ, ಊರು ಬಿಟ್ಟೋಯ್ತು" ಎಂದು ಕೂಗುವುದು ಅಲ್ಲಿ. ಹಾಗಂತ ತಪ್ಪು ಶ್ರೀರಂಗಪಟ್ಟಣದ್ದಲ್ಲವಲ್ಲ. ತಪ್ಪು ಗೊತ್ತಾದ ಜಾಗ ಅದು, ತಪ್ಪು ಆದ ಜಾಗ ಹಿಂದೆ ಉಳಿಯಿತು.

ಕಂಪೈಲರ್‌ನ ಸಾಲಿನ ಸಂಖ್ಯೆ ಅಂದರೆ ಆ ಹಳದಿ ಬೋರ್ಡು. ಸಿ ಭಾಷೆಯಲ್ಲಿ ಹೊಸ ಸಾಲಿಗೆ ಹೋಗುವುದಕ್ಕೂ ಒಂದು ಖಾಲಿ ಜಾಗ ಬಿಡುವುದಕ್ಕೂ ಹೆಚ್ಚು ಕಡಿಮೆ ವ್ಯತ್ಯಾಸವಿಲ್ಲ. ಐದನೇ ಸಾಲು ಮುಗಿದರೂ ಕಂಪೈಲರ್ ಮಟ್ಟಿಗೆ ವಾಕ್ಯ ಮುಗಿದಿಲ್ಲ. 12 ಆದ ಮೇಲೆ ಒಂದು ಕೂಡಿಸುವ ಚಿಹ್ನೆ ಬರಬಹುದು, ಒಂದು ಕಾಮಾ ಬರಬಹುದು. ಹಾಗಾಗಿ ಮುಂದೆ ನೋಡುತ್ತದೆ. ಮುಂದೆ ಸಿಕ್ಕಿದ್ದು ಆರನೇ ಸಾಲಿನ ಇಂಟ್. ಇದು ಇಲ್ಲಿ ಬರಲು ಸಾಧ್ಯವೇ ಇಲ್ಲ ಎಂದು ಅದಕ್ಕೆ ಖಾತ್ರಿಯಾಗುವುದು ಆಗ. ತಾಳೆಗರಿಯ ಹಳೆಯ ಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡದೆ ಬರೆದಿರುತ್ತಾರೆ, ಓದುವವರು ಮುಂದಿನ ಪದಕ್ಕೆ ಹೋಗಿ ಎಡವಿದಾಗಲೇ ಹಿಂದಿನದನ್ನು ತಪ್ಪಾಗಿ ಒಡೆದೆವು ಎಂದು ತಿಳಿಯುತ್ತದೆ. ಕಂಪೈಲರ್ ಪ್ರತಿ ಪ್ರೋಗ್ರಾಂ ಅನ್ನೂ ಓದುವುದು ಹಾಗೆಯೇ.

ಎರಡನೇ ಎರರ್ ಇನ್ನೂ ಸ್ವಾರಸ್ಯ. ಬೆಲೆ ಎಂಬ ಹೆಸರು ಆರನೇ ಸಾಲಿನಲ್ಲಿ ಕಣ್ಣೆದುರಿಗೇ ಇದೆ. ಅದಿಲ್ಲ ಅನ್ನುತ್ತದಲ್ಲ, ಏನಿದು? ಎಡವಿದ ಮೇಲೆ ಕಂಪೈಲರ್ ಅಲ್ಲೇ ಕೂತು ಅಳುವುದಿಲ್ಲ. ಮುಂದಿನ ಸೆಮಿಕೋಲನ್ ತನಕ ಎಲ್ಲವನ್ನೂ ಬಿಟ್ಟು, ಅಲ್ಲಿಂದ ಹೊಸದಾಗಿ ಓದಲು ಶುರು ಮಾಡುತ್ತದೆ. ಮುಂದಿನ ಸೆಮಿಕೋಲನ್ ಇದ್ದದ್ದು ಆರನೇ ಸಾಲಿನ ಕೊನೆಗೆ. ಅಂದರೆ ಆರನೇ ಸಾಲು ಪೂರ್ತಿ ಕಸದ ಬುಟ್ಟಿಗೆ ಹೋಯಿತು, ಅದರ ಜೊತೆ ಬೆಲೆಯೂ ಹೋಯಿತು. ಏಳನೇ ಸಾಲಿಗೆ ಬಂದಾಗ ಅದಕ್ಕೆ ಬೆಲೆ ಯಾರೆಂದು ಗೊತ್ತಿಲ್ಲ.

ಚುಕ್ಕಿ ರಂಗೋಲಿ ಹಾಕುವವರಿಗೆ ಇದು ಹೊಸದಲ್ಲ. ಮೊದಲ ಸಾಲಿನಲ್ಲಿ ಒಂದು ಚುಕ್ಕಿ ಬಿಟ್ಟರೆ ಕೊನೆಗೆ ಹತ್ತು ಎಳೆ ಸೇರುವುದಿಲ್ಲ. ಹತ್ತು ಎಳೆಯನ್ನೂ ಒಂದೊಂದಾಗಿ ಯಾರೂ ತಿದ್ದುವುದಿಲ್ಲ. ಚುಕ್ಕಿ ಹುಡುಕುತ್ತಾರೆ. ಇಲ್ಲೂ ಅಷ್ಟೇ: ಮೊದಲ ಎರರ್ ಒಂದನ್ನೇ ಓದಿ, ಅದು ತೋರಿಸಿದ ಸಾಲು ಮತ್ತು ಅದರ ಹಿಂದಿನ ಸಾಲು ನೋಡಿ, ಸರಿ ಮಾಡಿ, ಮತ್ತೆ ಕಂಪೈಲ್ ಮಾಡಿ. ಮಿಕ್ಕ 16 ಏನಾಗುತ್ತವೆ ಎಂದು ಆಮೇಲೆ ನೋಡಿದರಾಯಿತು. ಅಷ್ಟೊಂದು ಕೆಂಪು ಕಂಡರೆ ಕೈಕಾಲು ಆಡುವುದಿಲ್ಲ ಅನ್ನುವವರಿಗೆ ಜಿಸಿಸಿಯಲ್ಲಿ ಒಂದು ಆಯ್ಕೆ ಇದೆ: ಮೈನಸ್ ಡಬ್ಲ್ಯುಫೇಟಲ್-ಎರರ್ಸ್, ಡಬ್ಲ್ಯು ಮಾತ್ರ ದೊಡ್ಡಕ್ಷರದ್ದು. ಮೊದಲ ಎರರ್ ಸಿಕ್ಕ ಕೂಡಲೇ ಕಂಪೈಲರ್ ಬಾಯಿ ಮುಚ್ಚಿಕೊಳ್ಳುತ್ತದೆ. ಅವತ್ತಿನಿಂದ ನಮ್ಮ ಹುಡುಗಿ ಅದನ್ನೇ ಹಾಕಿಕೊಂಡಿದ್ದಾಳೆ.

ಹಿಂದೆ ಎಷ್ಟು ಹೋಗಬೇಕು ಅನ್ನುವುದು ತಪ್ಪಿನ ಮೇಲೆ ಹೋಗುತ್ತದೆ. ಸೆಮಿಕೋಲನ್ ಆದರೆ ಒಂದು ಸಾಲು. ಮುಚ್ಚುವ ಪುಷ್ಪಾವರಣ, ಅದೇ ಆ ಡೊಂಕು ಬ್ರಾಕೆಟ್, ಬಿಟ್ಟರೆ ರೈಲು ಮೈಸೂರು ತನಕ ಹೋಗಿಬಿಡುತ್ತದೆ. ಒಂದು ಲೂಪಿನ ಬ್ರಾಕೆಟ್ ತೆಗೆದು ನೋಡಿದೆವು. ಎರರ್ ಬಂದದ್ದು ಫೈಲಿನ ಕಟ್ಟಕಡೆಗೆ: ಎಕ್ಸ್‌ಪೆಕ್ಟೆಡ್ ಡಿಕ್ಲರೇಷನ್ ಆರ್ ಸ್ಟೇಟ್‌ಮೆಂಟ್ ಅಟ್ ಎಂಡ್ ಆಫ್ ಇನ್‌ಪುಟ್. ಜಾವಾದಲ್ಲಿ ಇದೇ ತಪ್ಪಿಗೆ ರೀಚ್ಡ್ ಎಂಡ್ ಆಫ್ ಫೈಲ್ ವೈಲ್ ಪಾರ್ಸಿಂಗ್ ಅನ್ನುತ್ತಾರೆ. ಎರಡರ ಅರ್ಥವೂ ಒಂದೇ, ಫೈಲು ಮುಗಿಯಿತು, ನೀವು ತೆರೆದ ಬಾಗಿಲು ಮಾತ್ರ ಇನ್ನೂ ತೆರೆದೇ ಇದೆ. ಯಾವ ಬಾಗಿಲು ಎಂದು ಅದಕ್ಕೂ ಗೊತ್ತಿಲ್ಲ. ಇಲ್ಲಿ ಸಾಲಿನ ಸಂಖ್ಯೆಯನ್ನು ನಂಬಬೇಡಿ. ಎಡಿಟರ್‌ನಲ್ಲಿ ಫಾರ್ಮ್ಯಾಟ್ ಒತ್ತಿ. ಎಲ್ಲಿಂದ ಮುಂದಕ್ಕೆ ಸಾಲುಗಳು ಬಲಕ್ಕೆ ಸರಿದು ವಾಪಸ್ ಬರುವುದಿಲ್ಲವೋ, ಬ್ರಾಕೆಟ್ ಬಿಟ್ಟಿದ್ದು ಅಲ್ಲಿ.

ಪೈಥಾನ್ ಕೂಡ ಬಹಳ ವರ್ಷ ಹೀಗೇ ಕಾಡಿಸುತ್ತಿತ್ತು. ಮೂರನೇ ಸಾಲಿನಲ್ಲಿ ಬ್ರಾಕೆಟ್ ಮುಚ್ಚದೆ ಬಿಟ್ಟರೆ ನಾಲ್ಕನೇ ಸಾಲಿಗೆ ಇನ್‌ವ್ಯಾಲಿಡ್ ಸಿಂಟ್ಯಾಕ್ಸ್ ಎಂದು ಎರಡೇ ಪದ ಹೇಳಿ ಸುಮ್ಮನಾಗುತ್ತಿತ್ತು. 2021 ರಲ್ಲಿ ಬಂದ 3.10 ಆವೃತ್ತಿಯಿಂದ ಬ್ರಾಕೆಟ್ ತೆರೆದ ಜಾಗವನ್ನೇ ತೋರಿಸಿ ಇದನ್ನು ಮುಚ್ಚಲೇ ಇಲ್ಲ ಅನ್ನುತ್ತದೆ. ಪಾಂಡವಪುರದಲ್ಲೇ ಎಬ್ಬಿಸಿದ ಹಾಗೆ.

ಊಟ ಆದ ಮೇಲೆ ಮತ್ತೆ ಕೂತೆವು. ಈ ಸಲ ಅವಳೇ ಕೆಡಿಸಿದಳು. ಸಿ ಪ್ರೋಗ್ರಾಂ ಓಡಲು ಶುರುವಾಗುವ ಭಾಗಕ್ಕೆ ಮೇನ್ ಎಂದು ಹೆಸರು, ಆ ಹೆಸರಿನ ಅಕ್ಷರ ಅದಲು ಬದಲು ಮಾಡಿ ಮಿಯಾನ್ ಮಾಡಿದಳು. ಬಂದ ಎರರ್‌ನಲ್ಲಿ ಸಾಲಿನ ಸಂಖ್ಯೆಯೇ ಇಲ್ಲ. ಅನ್‌ಡಿಫೈನ್ಡ್ ರೆಫರೆನ್ಸ್ ಟು ವಿನ್‌ಮೈನ್ ಅಂತಿದೆ. ಕೆಳಗೆ ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್.

"ವಿನ್‌ಮೈನ್ ಅಂತ ನಾನೆಲ್ಲೂ ಬರ್ದೇ ಇಲ್ವಲ್ಲ ಮಾವ!"

ಇದು ಕಂಪೈಲರ್‌ನ ದೂರಲ್ಲ, ಎಲ್‌ಡಿ ಎಂಬ ಲಿಂಕರ್‌ನದು. ನಾವು ಕಂಪೈಲ್ ಎಂದು ಒಂದೇ ಮಾತಿನಲ್ಲಿ ಹೇಳುವುದರ ಒಳಗೆ ಬೇರೆ ಬೇರೆ ಕೆಲಸಗಳಿವೆ. ಮೊದಲು ಹೆಡರ್ ಫೈಲುಗಳನ್ನು ತಂದು ಅಂಟಿಸುವುದು. ಆಮೇಲೆ ಅಕ್ಷರಗಳನ್ನು ಕೂಡಿಸಿ ಪದ ಮಾಡುವುದು, ಸ್ಟ್ರೇ ದೂರು ಬರುವುದು ಇಲ್ಲಿ. ಆಮೇಲೆ ಪದಗಳು ವ್ಯಾಕರಣದ ಪ್ರಕಾರ ಕೂತಿವೆಯೇ ನೋಡುವುದು, ಎಕ್ಸ್‌ಪೆಕ್ಟೆಡ್ ಎಂದು ಶುರುವಾಗುವ ದೂರುಗಳೆಲ್ಲ ಇಲ್ಲಿಯವು. ಆಮೇಲೆ ಅರ್ಥ ಹೊಂದುತ್ತದೆಯೇ ನೋಡುವುದು, ಅನ್‌ಡಿಕ್ಲೇರ್ಡ್, ಇನ್‌ಕಂಪ್ಯಾಟಿಬಲ್ ಟೈಪ್ಸ್ ಇತ್ಯಾದಿ. ಇಷ್ಟೂ ದಾಟಿದ ಮೇಲೆ ಎಲ್ಲ ತುಂಡುಗಳನ್ನು ಜೋಡಿಸುವ ಲಿಂಕರ್. ದೂರಿನ ಮೊದಲ ಪದ ನೋಡಿದರೆ ನಾವು ಯಾವ ಮೆಟ್ಟಿಲಲ್ಲಿ ಬಿದ್ದಿದ್ದೇವೆ ಎಂದು ಗೊತ್ತಾಗುತ್ತದೆ. ಅಷ್ಟು ಗೊತ್ತಾದರೆ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ.

ಲಿಂಕರ್ ದೂರನ್ನು ಮದುವೆ ಮನೆಯ ಲೆಕ್ಕದಲ್ಲಿ ಹೇಳಿದೆ. ಹೆಡರ್ ಫೈಲು ಅಂದರೆ ಲಗ್ನಪತ್ರಿಕೆ. ಯಾರು ಯಾರು ಬರುತ್ತಾರೆ ಎಂಬ ಹೆಸರಿನ ಪಟ್ಟಿ ಮಾತ್ರ ಅದರಲ್ಲಿರುತ್ತದೆ. ಲೈಬ್ರರಿ ಅಂದರೆ ನಿಜವಾಗಿ ಬರುವ ಜನ. ಕಂಪೈಲರ್ ಪತ್ರಿಕೆ ನೋಡಿ ಒಪ್ಪಿಕೊಂಡಿತು. ಮುಹೂರ್ತದ ಹೊತ್ತಿಗೆ ಲಿಂಕರ್ ಬಂದು ಹೆಸರು ಕೂಗಿದರೆ ಆಳೇ ಇಲ್ಲ. ಅನ್‌ಡಿಫೈನ್ಡ್ ರೆಫರೆನ್ಸ್ ಅಂದರೆ ಅದು. ಲಿನಕ್ಸ್‌ನಲ್ಲಿ ವರ್ಗಮೂಲದ ಫಂಕ್ಷನ್ ಬಳಸಿ, ಮ್ಯಾತ್ ಹೆಡರ್ ಕೂಡ ಹಾಕಿ, ಆದರೂ ಹೀಗೆ ಬಂತು ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಪತ್ರಿಕೆ ಹಂಚಿದ್ದಾರೆ, ಕರೆದುಕೊಂಡು ಬಂದಿಲ್ಲ. ಕಮಾಂಡಿನ ಕೊನೆಯಲ್ಲಿ, ಫೈಲಿನ ಹೆಸರಾದ ಮೇಲೆ, ಮೈನಸ್ ಎಲ್ ಎಮ್ ಎಂದು ಸೇರಿಸಿದರೆ ಸರಿ.

ವಿನ್‌ಮೈನ್ ಬಂದದ್ದಕ್ಕೆ ಕಾರಣ ಬೇರೆ. ವಿಂಡೋಸ್‌ನಲ್ಲಿ ಓಡುವ ಜಿಸಿಸಿ, ಅಂದರೆ ಮಿನ್‌ಜಿಡಬ್ಲ್ಯು, ಮೊದಲು ಮೇನ್ ಹುಡುಕುತ್ತದೆ. ಸಿಗದಿದ್ದರೆ ಇದು ಕಿಟಕಿ ತೆರೆಯುವ ಪ್ರೋಗ್ರಾಂ ಇರಬೇಕು ಅಂದುಕೊಂಡು ವಿನ್‌ಮೈನ್ ಹುಡುಕುತ್ತದೆ. ಅದೂ ಇಲ್ಲ. ದೂರಿನಲ್ಲಿ ಉಳಿಯುವುದು ಕೊನೆಗೆ ಹುಡುಕಿದ ಹೆಸರು. ಆ ಹೆಸರು ಕಂಡರೆ ಮೇನ್ ಕಾಗುಣಿತ ನೋಡಿ, ಅಥವಾ ಸರಿಯಾದ ಫೈಲು ಕಂಪೈಲ್ ಆಗುತ್ತಿದೆಯೇ ನೋಡಿ. ಅದೇ ವಿಂಡೋಸ್‌ನಲ್ಲಿ ಎಲ್‌ಡಿ ಪರ್ಮಿಷನ್ ಡಿನೈಡ್ ಅಂದರೆ ಗಾಬರಿ ಬೇಡ. ಹಿಂದಿನ ಸಲ ಓಡಿಸಿದ ಪ್ರೋಗ್ರಾಂ ಇನ್ನೂ ಎಲ್ಲೋ ತೆರೆದುಕೊಂಡು ಕೂತಿರುತ್ತದೆ. ಮುಚ್ಚಿ.

ಪುಸ್ತಕ ಹಳೆಯದು, ಕಂಪೈಲರ್ ಹೊಸದು

ನಮ್ಮ ಕಡೆ ಕಲಿಯುವವರಿಗೆ ಈ ಜಗಳ ಜಾಸ್ತಿ. ಟರ್ಬೊ ಸಿ 1987 ರಲ್ಲಿ ಬೋರ್ಲ್ಯಾಂಡ್ ಕಂಪನಿ ತಂದ ಕಂಪೈಲರ್. ಆ ನೀಲಿ ಪರದೆಯಲ್ಲಿ ಕಲಿತ ಮೇಷ್ಟ್ರುಗಳು ಈಗಲೂ ಪಾಠ ಮಾಡುತ್ತಿದ್ದಾರೆ, ಅದಕ್ಕಾಗಿ ಬರೆದ ನೋಟ್ಸ್ ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ಓಡಾಡುತ್ತಿವೆ. ನಾನು ಕಲಿತದ್ದೂ ಅದರಲ್ಲೇ. ಅದರಲ್ಲಿರುವ ಕೋನಿಯೋ ಡಾಟ್ ಎಚ್ ಎಂಬ ಹೆಡರ್, ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಯಾವುದೂ ಸಿ ಭಾಷೆಯ ಗುಣಮಟ್ಟದ, ಅಂದರೆ ಅಧಿಕೃತ ನಿಯಮಾವಳಿಯ, ಭಾಗವಲ್ಲ. ಲಿನಕ್ಸ್‌ನ ಜಿಸಿಸಿಗೆ ಹಾಕಿದರೆ ಅಂಥ ಫೈಲೇ ಇಲ್ಲ ಅನ್ನುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಐಒಸ್ಟ್ರೀಮ್ ಡಾಟ್ ಎಚ್ ಎಂದು ಬರೆದರೂ ಅದೇ ಕಥೆ. 1998 ರಲ್ಲಿ ಭಾಷೆಗೆ ಗುಣಮಟ್ಟ ಗೊತ್ತು ಮಾಡಿದಾಗ ಆ ಡಾಟ್ ಎಚ್ ಬಾಲ ಕತ್ತರಿಸಿದರು. ಇಂಥ ಎರರ್‌ಗೆ ನಿಮ್ಮ ಟೈಪಿಂಗ್‌ನಲ್ಲಿ ತಪ್ಪು ಹುಡುಕಬೇಡಿ. ನೋಟ್ಸ್‌ನಲ್ಲಿ ಇರುವಂತೆಯೇ ಬರೆದಿದ್ದೀರಿ, ಕಾಲ ಬದಲಾಗಿದೆ ಅಷ್ಟೇ.

ಕೆಲವು ಸಲ ಇದು ಇನ್ನೂ ಸೂಕ್ಷ್ಮ. ಹೆಡರ್ ಹಾಕದೆ ಪ್ರಿಂಟ್‌ಎಫ್ ಬಳಸಿದರೆ ಹಳೆಯ ಜಿಸಿಸಿ ಇಂಪ್ಲಿಸಿಟ್ ಡಿಕ್ಲರೇಷನ್ ಎಂದು ಒಂದು ವಾರ್ನಿಂಗ್ ಕೊಟ್ಟು ಬಿಟ್ಟುಬಿಡುತ್ತಿತ್ತು. ಸಿ ಭಾಷೆಯ 1999 ರ ಗುಣಮಟ್ಟ ಆ ಸಲಿಗೆಯನ್ನು ತೆಗೆದು ಹಾಕಿದರೂ ಜಿಸಿಸಿ ಬಹಳ ಕಾಲ ಕಣ್ಣು ಮುಚ್ಚಿಕೊಂಡೇ ಇತ್ತು. 2024 ರಲ್ಲಿ ಬಂದ ಜಿಸಿಸಿ 14 ಅದನ್ನು ನೇರವಾಗಿ ಎರರ್ ಮಾಡಿತು. ಹಾಗಾಗಿ ಕಾಲೇಜಿನ ಲ್ಯಾಬಿನಲ್ಲಿ ಓಡುವ ಪ್ರೋಗ್ರಾಂ ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ಓಡದೇ ಇರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ವಾರ್ನಿಂಗ್ ಮಾತು ಬಂತಲ್ಲ, ಅದಕ್ಕೊಂದು ಕಿವಿಮಾತು. ಎರರ್ ಇಲ್ಲ, ಬರೀ ವಾರ್ನಿಂಗ್ ಎಂದು ಸುಮ್ಮನಾಗಬೇಡಿ. ಕೀಬೋರ್ಡಿನಿಂದ ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ ಆ್ಯಂಪರ್ಸ್ಯಾಂಡ್ (&) ಮರೆತರೆ ಸಿ ಕಂಪೈಲರ್ ಸಾಮಾನ್ಯವಾಗಿ ವಾರ್ನಿಂಗ್ ಅಷ್ಟೇ ಕೊಡುತ್ತದೆ. ಓಡಿಸಿದಾಗ ಪ್ರೋಗ್ರಾಂ ಬಿದ್ದು ಹೋಗಬಹುದು. ಆಗ ಯಾವ ಸಾಲಿನ ಸಂಖ್ಯೆಯೂ ಸಿಗುವುದಿಲ್ಲ. ಇಂಥ ವಾರ್ನಿಂಗ್‌ಗಳನ್ನು ತೋರಿಸುವ ಮೈನಸ್ ಡಬ್ಲ್ಯುಆಲ್ ಆಯ್ಕೆಯನ್ನು ಮೊದಲ ದಿನದಿಂದಲೇ ಹಾಕಿಕೊಳ್ಳಿ.

ಅರ್ಧ ಟನ್ನು ಎಲ್ಲಿ ಹೋಯಿತು?

ಸಂಜೆ ಕಾಫಿಯ ಹೊತ್ತಿಗೆ ಅವಳಿಗೆ ಉಮೇದು ಬಂದಿತ್ತು. ಟನ್ನಿನ ಜಾಗದಲ್ಲಿ 12.5 ಹಾಕಿದಳು. ಎರರ್ ಬರಲಿಲ್ಲ, ವಾರ್ನಿಂಗೂ ಬರಲಿಲ್ಲ. ಪ್ರೋಗ್ರಾಂ ಓಡಿ 36000 ಎಂದಿತು. ಮನಸ್ಸಿನಲ್ಲೇ ಗುಣಿಸಿದಳು. 37500 ಬರಬೇಕು.

"1500 ರೂಪಾಯಿ ನುಂಗ್ತಲ್ಲ ಮಾವ ಇದು! ಅಪ್ಪಂಗೆ ಗೊತ್ತಾದ್ರೆ ಸುಮ್ನೆ ಬಿಡಲ್ಲ."

ಇಂಟ್ ಅಂದರೆ ಪೂರ್ಣಾಂಕ. ಸಿ ಭಾಷೆ ಬಿಂದುವಿನ ಮುಂದಿನದನ್ನು ಕತ್ತರಿಸಿ 12 ಮಾತ್ರ ಇಟ್ಟುಕೊಂಡಿತು. ಮಾತಾಡದೆ. ಅದೇ ಸಾಲನ್ನು ಜಾವಾದಲ್ಲಿ ಬರೆದರೆ ಇನ್‌ಕಂಪ್ಯಾಟಿಬಲ್ ಟೈಪ್ಸ್, ಪಾಸಿಬಲ್ ಲಾಸಿ ಕನ್ವರ್ಷನ್ ಫ್ರಮ್ ಡಬಲ್ ಟು ಇಂಟ್ ಎಂದು ಹೇಳಿ ಕಂಪೈಲ್ ಮಾಡುವುದೇ ಇಲ್ಲ. ರಸ್ಟ್ ಎಂಬ ಭಾಷೆಯಲ್ಲಿ ಮಿಸ್‌ಮ್ಯಾಚ್ಡ್ ಟೈಪ್ಸ್, ಎರರ್ ಸಂಖ್ಯೆ ಇ0308. ಸಿ ಯಿಂದ ಜಾವಾಗೋ ರಸ್ಟ್‌ಗೋ ಹೋದವರು "ಈ ಭಾಷೆ ಎಲ್ಲದಕ್ಕೂ ತಕರಾರು ಮಾಡುತ್ತದೆ" ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ತೂಕದ ಸೇತುವೆಯ ಹತ್ತಿರ ಕೂಗಾಡಿದರೂ ಪರವಾಗಿಲ್ಲ, ಅರ್ಧ ಟನ್ನು ಬಿಟ್ಟು ಬರೆದುಕೊಂಡು ಸುಮ್ಮನಿರುವವನಿಗಿಂತ ಕೂಗಾಡುವವನೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಕಬ್ಬು ಬೆಳೆಯುವವರ ಮನೆಯಲ್ಲಿ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಪ್ರತಿ ಭಾಷೆಗೂ ಒಂದೊಂದು ಹಟ ಇರುತ್ತದೆ. ಹೊಸದಕ್ಕೆ ಹೋದಾಗ ಮೊದಲ ವಾರದ ಎರರ್‌ಗಳೆಲ್ಲ ಆ ಹಟದಿಂದಲೇ ಬರುತ್ತವೆ. ಜಾವಾದಲ್ಲಿ ಪಬ್ಲಿಕ್ ಕ್ಲಾಸಿನ ಹೆಸರೂ ಫೈಲಿನ ಹೆಸರೂ ಒಂದೇ ಇರಬೇಕು. ಗೋ ಭಾಷೆಯಲ್ಲಿ ವೇರಿಯಬಲ್ ಮಾಡಿ ಬಳಸದೇ ಬಿಟ್ಟರೆ ಅದೇ ಎರರ್, ಡೊಂಕು ಬ್ರಾಕೆಟ್ಟನ್ನು ಮುಂದಿನ ಸಾಲಿಗೆ ಇಳಿಸಿದರೆ ಅದೂ ಎರರ್. ಪೈಥಾನ್‌ಗೆ ಟ್ಯಾಬು ಮತ್ತು ಸ್ಪೇಸು ಕಲಸಿದರೆ ಆಗುವುದಿಲ್ಲ.

ರಸ್ಟ್‌ನ ಹಟ ಮಾತ್ರ ಸ್ವಲ್ಪ ಕೂತು ಅರ್ಥ ಮಾಡಿಕೊಳ್ಳಬೇಕಾದದ್ದು. ಒಂದು ಸ್ಟ್ರಿಂಗನ್ನು, ಅಂದರೆ ಅಕ್ಷರಗಳ ಸರವನ್ನು, 'ಅ' ಎಂಬ ಹೆಸರಿಗೆ ಕೊಟ್ಟು, ಆಮೇಲೆ 'ಆ' ಎಂಬ ಹೆಸರಿಗೆ 'ಅ' ಅನ್ನು ಕೊಟ್ಟು, ಮತ್ತೆ 'ಅ' ಅನ್ನು ಪ್ರಿಂಟ್ ಮಾಡಲು ಹೋದರೆ ಬರುತ್ತದೆ ಇ0382: ಬಾರೋ ಆಫ್ ಮೂವ್ಡ್ ವ್ಯಾಲ್ಯೂ. ಬೇರೆ ಭಾಷೆಯಿಂದ ಬಂದವರಿಗೆ ಇದು ತಲೆಬುಡ ಅರ್ಥವಾಗುವುದಿಲ್ಲ. ಪಹಣಿ ಗೊತ್ತಿದ್ದರೆ ಅರ್ಥವಾಗುತ್ತದೆ. ಜಮೀನಿನ ಖಾತೆ ಅಣ್ಣನಿಂದ ತಮ್ಮನಿಗೆ ಬದಲಾಯಿತು. ಆಮೇಲೆ ಅಣ್ಣ ಹೋಗಿ ಅದೇ ಜಮೀನು ಉಳುತ್ತೇನೆ ಅಂದರೆ ನಡೆಯುತ್ತದೆಯೇ? ರಸ್ಟ್‌ನಲ್ಲಿ ಒಂದು ವಸ್ತುವಿಗೆ ಒಂದು ಹೊತ್ತಿನಲ್ಲಿ ಒಬ್ಬನೇ ಖಾತೆದಾರ. ನೋಡಿ ವಾಪಸ್ ಕೊಡಲಿ ಅನ್ನುವುದಾದರೆ ಖಾತೆ ಬದಲಾಯಿಸದೆ ಗುತ್ತಿಗೆಗೆ ಕೊಡಬೇಕು, ಅಂದರೆ ಹೆಸರಿನ ಮುಂದೆ ಆ್ಯಂಪರ್ಸ್ಯಾಂಡ್ ಹಾಕಬೇಕು. ಇಬ್ಬರಿಗೂ ಬೇಕೇ ಬೇಕು ಅಂದರೆ ಕ್ಲೋನ್ ಮಾಡಿ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. ರಸ್ಟ್ ಕಂಪೈಲರ್ ಈ ಎರರ್‌ನಲ್ಲಿ ಖಾತೆ ಬದಲಾದ ಸಾಲು, ಆಮೇಲೆ ಉಳಲು ಹೋದ ಸಾಲು ಎರಡನ್ನೂ ಬರೆದು ತೋರಿಸುತ್ತದೆ, ಕ್ಲೋನ್ ಮಾಡಬಹುದು ಎಂಬ ಸಲಹೆಯನ್ನೂ ಕೊಡುತ್ತದೆ. ಸಾಲದಿದ್ದರೆ ರಸ್ಟ್‌ಸಿ ಎಕ್ಸ್‌ಪ್ಲೇನ್ ಎಂದು ಆ ಸಂಖ್ಯೆ ಕೊಟ್ಟರೆ ಉದಾಹರಣೆ ಸಮೇತ ಪಾಠ ಮಾಡುತ್ತದೆ. ನನಗೆ ಗೊತ್ತಿರುವ ಭಾಷೆಗಳಲ್ಲಿ ಇಷ್ಟು ತಾಳ್ಮೆಯ ಮೇಷ್ಟ್ರು ಇನ್ನೊಬ್ಬರಿಲ್ಲ.

ಎಲ್ಲ ಕಾಲದಲ್ಲೂ ಹೀಗಿರಲಿಲ್ಲ. ಯುನಿಕ್ಸ್‌ಗೆ ಕೆನ್ ಥಾಂಪ್ಸನ್ ಬರೆದ ಇಡಿ ಎಂಬ ಎಡಿಟರ್, ನೀವು ಏನು ತಪ್ಪು ಮಾಡಿದರೂ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ ಮುದ್ರಿಸುತ್ತಿತ್ತು. ಅಷ್ಟೇ ಉತ್ತರ. ಜಿಸಿಸಿಯ ಮೊದಲ ಬಿಡುಗಡೆ 1987 ರಲ್ಲಿ ಆದರೂ, ತಪ್ಪಿದ ಜಾಗದ ಕೆಳಗೆ ಪುಟ್ಟ ಬಾಣ ಹಾಕಿ ತೋರಿಸಲು ಶುರು ಮಾಡಿದ್ದು 2013 ರ 4.8 ರಿಂದ. ಅದಕ್ಕೂ ಮುಂಚೆ ಪೈಪೋಟಿಗೆ ಬಂದ ಕ್ಲ್ಯಾಂಗ್ ಎಂಬ ಕಂಪೈಲರ್ ಅದನ್ನು ಮಾಡುತ್ತಿತ್ತು. ಎಲ್ಮ್ ಎಂಬ ಪುಟ್ಟ ಭಾಷೆ 2015 ರಲ್ಲಿ ಎರರ್ ಮಾತುಗಳನ್ನು ಮನುಷ್ಯರು ಮಾತಾಡುವ ಹಾಗೆ ಬರೆದು ತೋರಿಸಿತು, ರಸ್ಟ್ ಮುಂದಿನ ವರ್ಷವೇ ಅದರಿಂದ ಕಲಿತು ತನ್ನದನ್ನು ತಿದ್ದಿಕೊಂಡಿತು. ಈಗಿನವರು ಪುಣ್ಯವಂತರು. ಓದಬೇಕಷ್ಟೇ.

ಓದಿದರೂ ಬಗೆಹರಿಯದ ಒಂದು ಜಾತಿ ಇದೆ. ಇದು ನನಗೇ ಆಗಿದ್ದು, ಹೇಳಿಕೊಳ್ಳಲು ನಾಚಿಕೆ. ಅದೇ ಭಾನುವಾರ, ಒಂದು ಎರರ್ ಸರಿ ಮಾಡಿದ ಮೇಲೂ ಮತ್ತೆ ಅದೇ ಎರರ್ ಬಂತು. ಮತ್ತೆ ಸರಿ ಮಾಡಿದೆವು, ಮತ್ತೆ ಅದೇ. ಇಪ್ಪತ್ತು ನಿಮಿಷ ನಾನು ಕನ್ನಡಕ ಒರೆಸಿಕೊಂಡು ಒರೆಸಿಕೊಂಡು ನೋಡಿದೆ. ಕೊನೆಗೆ ಅವಳೇ ಕೇಳಿದಳು, "ಮಾವ, ಈ ಬಿಳಿ ಚುಕ್ಕೆ ಏನು?" ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಫೈಲಿನ ಹೆಸರಿನ ಪಕ್ಕ ಚುಕ್ಕೆ ಇದ್ದರೆ ಫೈಲು ಸೇವ್ ಆಗಿಲ್ಲ ಎಂದರ್ಥ. ನಾವು ತಿದ್ದಿದ್ದೆಲ್ಲ ಪರದೆಯ ಮೇಲೆ, ಕಂಪೈಲರ್ ಓದುತ್ತಿದ್ದದ್ದು ಡಿಸ್ಕಿನಲ್ಲಿದ್ದ ಹಳೆಯದು.

ಏನು ಮಾಡಿದರೂ ಎರರ್ ಬದಲಾಗುತ್ತಿಲ್ಲ ಅಂದರೆ ಒಂದು ಪರೀಕ್ಷೆ ಇದೆ. ಆ ಸಾಲಿನಲ್ಲಿ ಬೇಕೆಂದೇ ಏನಾದರೂ ಕಸ ಟೈಪ್ ಮಾಡಿ, ನಾಲ್ಕು ಪ್ರಶ್ನಾರ್ಥಕ ಚಿಹ್ನೆಯಾದರೂ ಸರಿ. ಸೇವ್ ಮಾಡಿ, ಕಂಪೈಲ್ ಮಾಡಿ. ಎರರ್ ಆಗಲೂ ಹಾಗೇ ಇದ್ದರೆ ಕಂಪೈಲರ್ ಓದುತ್ತಿರುವುದು ನಿಮ್ಮ ಈ ಫೈಲನ್ನಲ್ಲ. ಬೇರೆ ಫೋಲ್ಡರ್‌ನಲ್ಲಿ ಅದೇ ಹೆಸರಿನದು ಇನ್ನೊಂದು ಇರಬಹುದು. ನೋಟ್‌ಪ್ಯಾಡ್ ನಿಮ್ಮ ಡಾಟ್ ಸಿ ಮುಂದೆ ಕದ್ದುಮುಚ್ಚಿ ಡಾಟ್ ಟಿಎಕ್ಸ್‌ಟಿ ಸೇರಿಸಿರಬಹುದು, ವಿಂಡೋಸ್ ಆ ಬಾಲವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ.

ಎರರ್ ನಿಜವಾಗಿ ಆ ಫೈಲಿನದೇ, ಆದರೆ ಎಲ್ಲಿ ಎಂದು ತಿಳಿಯುತ್ತಿಲ್ಲ ಅಂದರೆ ಅರ್ಧ ಮಾಡಿ. ಕೆಳಗಿನ ಅರ್ಧವನ್ನು ಕಾಮೆಂಟ್ ಮಾಡಿ, ಅಂದರೆ ಕಂಪೈಲರ್ ಓದದ ಹಾಗೆ ಗುರುತು ಹಾಕಿ, ಕಂಪೈಲ್ ಮಾಡಿ. ಬ್ರಾಕೆಟ್‌ಗಳ ಜೋಡಿ ಮುರಿಯದ ಹಾಗೆ ನೋಡಿಕೊಳ್ಳಿ. ಎರರ್ ಹೋಯಿತಾ, ತಪ್ಪು ಕೆಳಗಿದೆ. ಹೋಗಲಿಲ್ಲವಾ, ಮೇಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 200 ಸಾಲಿನ ಪ್ರೋಗ್ರಾಂ ಆದರೂ ಏಳೆಂಟು ಸಲಕ್ಕೆ ಒಂದೆರಡು ಸಾಲಿಗೆ ಬಂದು ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯದು ಅಲ್ಲಿ ತನಕ ಹೋಗದೇ ಇರುವುದು. ಐದು ಸಾಲು ಬರೆದು ಒಂದು ಸಲ ಕಂಪೈಲ್ ಮಾಡುತ್ತಾ ಹೋದರೆ ತಪ್ಪು ಈ ಐದರಲ್ಲೇ ಎಲ್ಲೋ ಇರುತ್ತದೆ. ನಮ್ಮ ಹುಡುಗಿ ಮೊದಲು ಪೂರ್ತಿ ಬರೆದು, ಕೊನೆಗೆ ಒಂದೇ ಸಲ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡುವ ಹಾಗೆ.

ಆರು ಗಂಟೆ ಬಸ್ಸಿಗೆ ಊರಿಗೆ ಹೊರಟಳು. ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಲ್ಯಾಪ್‌ಟಾಪ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಹೊಡೆದದ್ದು. ಕಾಣುತ್ತಿದ್ದದ್ದು ಕೊನೆಯ ಸಾಲು ಒಂದೇ: ಕಂಪೈಲೇಷನ್ ಟರ್ಮಿನೇಟೆಡ್. "ಅದರ ಮೇಲಿನ ಸಾಲು ಕಳಿಸವ್ವ, ಫೋಟೋ ಬೇಡ, ಕಾಪಿ ಮಾಡಿ ಹಾಕು" ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಬಂತು. ಸ್ಟುಡಿಯೋ ಡಾಟ್ ಎಚ್, ನೋ ಸಚ್ ಫೈಲ್ ಆರ್ ಡೈರೆಕ್ಟರಿ. ಸ್ಟಡ್‌ಐಒ ಎಂದು ಇರಬೇಕಾದ ಕಡೆ ಸ್ಟುಡಿಯೋ ಎಂದು ಬರೆದಿದ್ದಳು. ನಾನು ಉತ್ತರ ಟೈಪ್ ಮಾಡುತ್ತಿರುವಾಗಲೇ ಅವಳದೇ ಇನ್ನೊಂದು ಮೆಸೇಜ್ ಬಿತ್ತು.

"ಗೊತ್ತಾಯ್ತು ಮಾವ, ನೀವು ಮಲಗಿ."